ಸತಿ ಹೇಮಾಂಗಿನಿ ಬಂದ ವರ್ಷ

“ಯಾವ ಸಿನಿಮಾದ ಹೆಸರ ಬೇಕಾದ್ರ ಹೇಳ್ರಿ, ಅದು ಬಂದ ವರ್ಷ ನಾ ಹೇಳತೇನಿ. ಒಂದ ಒಂದು ತಪ್ಪಿದ್ರ ಬೈಲಹೊಂಗಲ ಬಿಟ್ಟ ಹೋಗತೇನಿ.”

ಹಣಮಂತಪ್ಪ ಈ ಮಾತನ್ನು ಎಷ್ಟು ವರ್ಷಗಳಿಂದ ಹೇಳುತ್ತ ಬಂದಿದ್ದನೆಂದರೆ ಬಜಾರದ ಚಹಾದಂಗಡಿಯ ಬೆಂಚಿಗೂ ಅದು ಬಾಯಿಪಾಠವಾಗಿತ್ತು. ಊರು ಬಿಡುವ ಪ್ರಸಂಗ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಅವನು ಹೇಳಿದ ವರ್ಷ ಸರಿಯೋ ತಪ್ಪೋ ಎಂದು ಹೇಳಬಲ್ಲ ಇನ್ನೊಬ್ಬ ಮನುಷ್ಯ ಮಲಪ್ರಭೆಯ ಈ ದಂಡೆಯಲ್ಲೂ ಇರಲಿಲ್ಲ, ಆ ದಂಡೆಯಲ್ಲೂ ಇರಲಿಲ್ಲ. ಹಾಗಾಗಿ ಅವನು ಹೇಳಿದ್ದೇ ವರ್ಷ, ಅವನು ಬಿಟ್ಟದ್ದೇ ಸಂವತ್ಸರ.

ಅವನು ಹುಟ್ಟಿದ್ದು ಯರಗಟ್ಟಿಯಲ್ಲಿ, ಮನೆ ಕಟ್ಟಿದ್ದು ಬೈಲಹೊಂಗಲದಲ್ಲಿ, ಬದುಕಿದ್ದು ಮಾತ್ರ ಪರದೆಯ ಮುಂದೆ. ಟಿವಿ ಎಂಬುದು ಇನ್ನೂ ಶ್ರೀಮಂತರ ಮನೆಯ ದೇವರಾಗಿದ್ದ ಕಾಲದಲ್ಲಿ ಅವನು ಒಂದು ಟಿವಿ, ಒಂದು ವಿಸಿಆರ್ ಕೊಂಡು ಬಾಡಿಗೆಗೆ ಬಿಟ್ಟ. ಮದುವೆಯಿರಲಿ, ಕುಬಸವಿರಲಿ, ತೊಟ್ಟಿಲ ಕಾರ್ಯವಿರಲಿ, ನೇಸರಗಿಯಿಂದ, ಕಿತ್ತೂರಿನಿಂದ, ದೇಗಾಂವದಿಂದ ಜನ ಬಂದು ಅವನ ಟಿವಿಯನ್ನು ಗಾದಿಯಲ್ಲಿ ಸುತ್ತಿ, ಹೊಸ ಮದುಮಗಳನ್ನು ಕರೆದೊಯ್ಯುವ ಹಾಗೆ ಟೆಂಪೋದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಪಕ್ಕದಲ್ಲಿ ಹಣಮಂತಪ್ಪ ಹೆಣ್ಣಿನ ಕಡೆಯ ಹಿರಿಯನಂತೆ ಗಂಭೀರವಾಗಿ ಕುಳಿತಿರುತ್ತಿದ್ದ. ಅವನ ಟಿವಿ ಹೋದ ಊರಲ್ಲಿ ಆ ರಾತ್ರಿ ಕಳವು ಆಗುತ್ತಿರಲಿಲ್ಲ. ಕಳ್ಳರೂ ಮುಂದಿನ ಸಾಲಿನಲ್ಲೇ ಕುಳಿತಿರುತ್ತಿದ್ದರು. ಎತ್ತುಗಳು ಮೇವು ಬಿಟ್ಟು ಪರದೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದವೆಂದೂ, ಹಾಡು ಬಂದಾಗ ಮಾತ್ರ ಬಾಲ ಆಡಿಸುತ್ತಿದ್ದವೆಂದೂ ಹಣಮಂತಪ್ಪನೇ ಹೇಳಿದ್ದರಿಂದ ಅದು ಸುಳ್ಳಿರಲಾರದು.

ಆಮೇಲೆ ಮನೆಮನೆಗೂ ಟಿವಿ ಬಂತು, ವಿಸಿಆರ್ ಹೋಯಿತು, ಸೀಡಿ ಬಂತು, ಸೀಡಿ ಹೋಗಿ ಎಲ್ಲವೂ ಫೋನಿನೊಳಗೆ ಹೊಕ್ಕಿತು. ಬಾಡಿಗೆಯ ಧಂದೆ ನಿಂತಿತು. ಸಿನಿಮಾ ಕೂಡಿಹಾಕುವುದು ಮಾತ್ರ ನಿಲ್ಲಲಿಲ್ಲ. ಹುಬ್ಬಳ್ಳಿಗೆ ಹೋದರೆ ಒಂದು ಚೀಲ, ಬೆಳಗಾವಿಗೆ ಹೋದರೆ ಎರಡು ಚೀಲ, ಅಂಗಡಿಗಳು ಬಾಗಿಲು ಹಾಕುವಾಗ ತೂಕದ ಲೆಕ್ಕದಲ್ಲಿ ಮೂಟೆ. ಮನೆಗೆ ಬಣ್ಣ ಹಚ್ಚುವ ಮಾತೇ ಬರುತ್ತಿರಲಿಲ್ಲ, ಯಾಕೆಂದರೆ ಗೋಡೆ ಎಲ್ಲಿಯೂ ಕಾಣುತ್ತಿರಲಿಲ್ಲ. ಅವನ ಹೆಂಡತಿ ಬಾಯವ್ವ ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿದರೆ ಒಂದು ಪೌರಾಣಿಕ ಸಿಗುತ್ತಿತ್ತು. ಹಾಸಿಗೆ ಕೊಡವಿದರೆ ಎರಡು ಸಾಮಾಜಿಕ ಉದುರುತ್ತಿದ್ದವು.

ಈ ಅರಣ್ಯಕ್ಕೆ ದಾರಿ ಮಾಡಲು ಹೊರಟವಳು ಸೊಸೆ ರಂಜನಾ. ಊರಿನ ಒಂದು ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುವವಳು. ಒಂದು ವಸ್ತು ತನ್ನ ಜಾಗ ಬಿಟ್ಟು ಇನ್ನೊಂದರ ಜಾಗದಲ್ಲಿ ಕುಳಿತಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಅವಳು ಮಾವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಸಿನಿಮಾದ ಹೆಸರು ಬರೆದರೆ ಸಾಕು, ನೆಟ್ಟಿನಿಂದ ಅದರ ವರ್ಷ, ನಟರು, ಉದ್ದ, ಪೋಸ್ಟರು ಎಲ್ಲವನ್ನೂ ಅದೇ ಹುಡುಕಿ ತಂದು ಸಾಲಾಗಿ ಹೊಂದಿಸುತ್ತಿತ್ತು.

ಮೊದಲ ದಿನ ಹಣಮಂತಪ್ಪ ಊಟ ಮರೆತ. ಅವನು ಒಂದು ಹೆಸರು ಬರೆಯುವುದು, ಬಾವಿಯಿಂದ ಕೊಡ ಮೇಲೆ ಬಂದ ಹಾಗೆ ಆ ಕಡೆಯಿಂದ ಒಂದು ಪೋಸ್ಟರು ಮೇಲೆ ಬರುವುದು. ತಾನು ಎಳೆಯ ವಯಸ್ಸಿನಲ್ಲಿ ಗೋಡೆಯ ಮೇಲೆ ನೋಡಿ, ಮಳೆಗೆ ಹರಿದು ಹೋಯಿತೆಂದು ಅತ್ತ ಪೋಸ್ಟರು ಅಂಗೈಯಲ್ಲಿ ಬಂದು ನಿಂತಾಗ ಅವನು ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಜಗತ್ತಿನ ಯಾವುದೋ ಮೂಲೆಯಲ್ಲಿ ಕುಳಿತವರು ಇದನ್ನೆಲ್ಲ ಎತ್ತಿಟ್ಟಿದ್ದಾರಲ್ಲ, ಇವರ ಹೊಟ್ಟೆ ತಣ್ಣಗಿರಲಿ ಎಂದು ಮನಸಾರೆ ಹರಸಿದ.

ಮೂರನೆಯ ದಿನ ಅದೇ ಬಾಯಿಂದ ಬಯ್ಯತೊಡಗಿದ. ಒಂದೇ ಸಿನಿಮಾ ಒಂದು ಜಾಗದಲ್ಲಿ ಎರಡು ತಾಸು, ಇನ್ನೊಂದು ಜಾಗದಲ್ಲಿ ಎರಡೂವರೆ ತಾಸು. ಒಂದು ಪುಟದಲ್ಲಿ ನಾಯಕನಾಗಿದ್ದವನು ಪಕ್ಕದ ಪುಟದಲ್ಲಿ ಖಳನಾಯಕನಾಗಿದ್ದ. ಒಬ್ಬ ನಟಿ ತಾನು ಹುಟ್ಟುವುದಕ್ಕೆ ಮೊದಲೇ ಎರಡು ಸಿನಿಮಾ ಮುಗಿಸಿದ್ದಳು. ಇವರಿಗೆ ಫೋನ್ ಹಚ್ಚು ಎಂದು ಸೊಸೆಗೆ ಹೇಳಿದ. ನೆಟ್ಟಿಗೆ ಫೋನ್ ನಂಬರು ಇರುವುದಿಲ್ಲವೆಂದು ಅವಳು ಹೇಳಿದಾಗ, ನಂಬರಿಲ್ಲದ ಮಂದಿಯ ಮಾತನ್ನು ನೀವೆಲ್ಲ ಹೇಗೆ ನಂಬುತ್ತೀರಿ ಎಂದು ದಂಗಾದ.

ರಂಜನಾ ಸೂಕ್ಷ್ಮವಾಗಿ ಇನ್ನೊಂದು ಸಂಗತಿ ತೋರಿಸಿದಳು. ನೆಟ್ಟು ಅಲ್ಲಲ್ಲಿ ತಪ್ಪುತ್ತಿತ್ತು ನಿಜ. ಆದರೆ ನೆಟ್ಟಿನವರೆಲ್ಲ ಒಂದೇ ವರ್ಷ ಹೇಳುವ ಕಡೆಯೂ ಮಾವ ಹೇಳುವ ವರ್ಷ ಒಂದೆರಡು ವರ್ಷ ತಡವಾಗಿ ಬರುತ್ತಿತ್ತು. ಹಣಮಂತಪ್ಪನಿಗೆ ಇದರಲ್ಲಿ ಯಾವ ದೋಷವೂ ಕಾಣಲಿಲ್ಲ. ಬೆಂಗಳೂರಿನಲ್ಲಿ ಓಡಿ, ಹುಬ್ಬಳ್ಳಿಯಲ್ಲಿ ಓಡಿ, ಗೀರುಬಿದ್ದು, ಸವದತ್ತಿ ರಾಮದುರ್ಗ ಸುತ್ತಿ ಬಳಿಕ ಬೈಲಹೊಂಗಲಕ್ಕೆ ಬರುತ್ತಿದ್ದ ಸಿನಿಮಾಕ್ಕೆ ಅವನು ಬೈಲಹೊಂಗಲದ ವರ್ಷವನ್ನೇ ಕೊಡುತ್ತ ಬಂದಿದ್ದ.

“ನಮ್ಮೂರಿಗೆ ಬರೋಮಟಾ ಅದು ಹುಟ್ಟಿದಂಗ ಹೆಂಗಾತವಾ?” ಎಂದು ಅವನು ಕೇಳಿದ.

ತಕರಾರು ಇಷ್ಟಕ್ಕೇ ನಿಂತಿದ್ದರೆ ಮನೆ ನೆಮ್ಮದಿಯಿಂದ ಇರುತ್ತಿತ್ತು. ಆದರೆ ಸಾಲಿನಲ್ಲಿ ಮುಂದಿನ ಸೀಡಿ ‘ಸತಿ ಹೇಮಾಂಗಿನಿ’ ಆಗಿತ್ತು.

ಈ ಸಿನಿಮಾ ಹಣಮಂತಪ್ಪನಿಗೆ ಜಾತಕವಿದ್ದ ಹಾಗೆ. ಅವನ ತಾಯಿ ರಾಚವ್ವನ ಮನೆಯ ಹಿತ್ತಿಲ ಗೋಡೆಗೆ ಹತ್ತಿಕೊಂಡೇ ಯರಗಟ್ಟಿಯಲ್ಲಿ ಸಿನಿಮಾದ ಟೆಂಟು ಹಾಕುತ್ತಿದ್ದರು. ಟೆಂಟಿನ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದ ಕರ್ಣೆಯ ಬಾಯಿ ಸರಿಯಾಗಿ ಇವರ ಅಡುಗೆಮನೆಯ ಕಡೆಗಿತ್ತು. ರಾಚವ್ವ ಒಮ್ಮೆಯೂ ಟೆಂಟಿನೊಳಗೆ ಕಾಲಿಟ್ಟವಳಲ್ಲ. ಮುಖ ಒಂದೂ ನೋಡಿರಲಿಲ್ಲ, ಮಾತು ಒಂದೂ ಬಿಟ್ಟಿರಲಿಲ್ಲ. ರೊಟ್ಟಿ ಬಡಿಯುತ್ತಲೇ ರಾಜರ ಪಟ್ಟಾಭಿಷೇಕ ಕೇಳಿದಳು, ಪಾತ್ರೆ ತಿಕ್ಕುತ್ತಲೇ ರಾಕ್ಷಸರ ಸಂಹಾರ ಮುಗಿಸಿದಳು. ಮಗನಿಗೆ ಅವಳು ಸಾಯುವವರೆಗೂ ಹೇಳುತ್ತಿದ್ದುದು ಒಂದೇ. ಅವನು ಹುಟ್ಟಿದ್ದು ಸತಿ ಹೇಮಾಂಗಿನಿ ಬಂದಾಗ. ಅದರಲ್ಲಿ ಹೇಮಾಂಗಿನಿ ಹೊಳೆಗೆ ಕೈ ಮುಗಿದು ಹಾಡುವ ಹಾಡು ಎರಡು ಸಲ ಬರುತ್ತದೆ, ಆ ಎರಡರ ನಡುವೆ.

ದಿನ, ತಿಥಿ ಅವಳಿಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಸಿಕ್ಕ ವರ್ಷ ಮಾಸ್ತರರದು. ಆಗಿನ ಮಾಸ್ತರರು ಮಗುವಿನ ವಯಸ್ಸನ್ನು ಕೇಳುತ್ತಿರಲಿಲ್ಲ, ಅಳೆಯುತ್ತಿದ್ದರು. ಬಲಗೈ ತಲೆಯ ಮೇಲಿನಿಂದ ಬಂದು ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ, ಹುಟ್ಟಿದ್ದು ಜೂನ್ ಒಂದನೇ ತಾರೀಖು. ಹಣಮಂತಪ್ಪನ ಕೈಯೋ, ಕಿವಿ ಮುಟ್ಟಿ, ಅಲ್ಲಿಂದ ಗದ್ದ ತುರಿಸಿಕೊಂಡು, ಪಕ್ಕದವನ ಟೊಪಿಗೆಯನ್ನೂ ಸರಿಪಡಿಸಿ ಬಂದಿತ್ತು. ಮಾಸ್ತರರು ಒಪ್ಪಿಕೊಂಡು ಐವತ್ತನಾಲ್ಕನೆಯ ಇಸವಿಯಲ್ಲಿ ಹುಟ್ಟಿದನೆಂದು ಬರೆದುಕೊಂಡರು.

ಇನ್ನು ಬಾಯವ್ವ. ಅವಳು ಸವದತ್ತಿಯ ಶಾಲಾ ಮಾಸ್ತರರ ಮಗಳು. ಊರ ಮಕ್ಕಳನ್ನೆಲ್ಲ ಕಿವಿ ಮುಟ್ಟಿಸಿ ಅಳೆದವರು ತಮ್ಮ ಮಗಳ ವಿಷಯದಲ್ಲಿ ಮಾತ್ರ ಗಂಟೆ ನಿಮಿಷ ಬಿಟ್ಟಿರಲಿಲ್ಲ. ಐವತ್ತಾರನೆಯ ಇಸವಿ, ಶ್ರಾವಣ, ಸೋಮವಾರ, ಹೊತ್ತು ಏರುವಾಗ. ಗೋಡೆಗೆ ಬಡಿದ ಮೊಳೆಯಂಥ ತಾರೀಖು ಅದು.

ಈ ಎರಡು ವರ್ಷದ ಹಿರಿತನದ ಮೇಲೆ ಹಣಮಂತಪ್ಪ ಐವತ್ತು ವರ್ಷ ಸಂಸಾರ ಮಾಡಿದ್ದ. ಮೊದಲ ಕಪ್ಪು ಚಹಾ ಅವನಿಗೆ, ಬಸ್ಸಿನಲ್ಲಿ ಕಿಟಕಿ ಅವನಿಗೆ, ಟಿವಿಯ ರಿಮೋಟು ಅವನ ದಿಂಬಿನ ಕೆಳಗೆ. ಜಗಳ ಬಂದರೆ ಕೊನೆಯ ಮಾತು ಸದಾ ಒಂದೇ ಇರುತ್ತಿತ್ತು, ನಿನಗಿಂತ ಎರಡು ಬೇಸಿಗೆ ಹೆಚ್ಚು ಕಂಡವ ನಾನು ಎಂಬುದು. ಬಾಯವ್ವ ಅದಕ್ಕೆ ಎದುರಾಡಿದ್ದು ಯಾರೂ ಕೇಳಿರಲಿಲ್ಲ. ಬಾಯಿಗೆ ಸೆರಗು ಹಿಡಿದು ಒಳಗೆ ಹೋಗುತ್ತಿದ್ದಳು, ಅಷ್ಟೇ.

ರಂಜನಾ ‘ಸತಿ ಹೇಮಾಂಗಿನಿ’ ಎಂದು ಬರೆದಳು. ನೆಟ್ಟು ಮೂರು ಜಾಗದಿಂದ ಮೂರು ಉತ್ತರ ತಂದಿತು. ಮೊದಲನೆಯದು ಐವತ್ತನಾಲ್ಕು, ಹೊಳೆಯ ಹಾಡು ಎರಡು ಸಲ. ಹಣಮಂತಪ್ಪ ತೊಡೆ ತಟ್ಟಿಕೊಂಡ. ಎರಡನೆಯದು ಐವತ್ತೈದು, ಹಾಡು ಒಂದೇ ಸಲ. ಮೂರನೆಯದು ಐವತ್ತೆಂಟು, ಜೊತೆಗೆ ಕರಿ ಕನ್ನಡಕ ಹಾಕಿ ಪಿಸ್ತೂಲು ಹಿಡಿದು ಮೋಟರ್ ಸೈಕಲ್ಲಿನ ಮೇಲೆ ಕುಳಿತವನ ಪೋಸ್ಟರು.

ಬಾಯವ್ವ ಬಾಗಿಲಲ್ಲಿ ಕುಳಿತು ಮೆಂತ್ಯ ಪಲ್ಯ ಸೋಸುತ್ತಿದ್ದಳು. ತಲೆ ಎತ್ತದೆ ಹೇಳಿದಳು.

“ಐವತ್ತೆಂಟಂದ್ರ ನಾನ ನಿಮ್ಮನ್ನ ಎತ್ತಿ ಆಡಿಸಬಹುದಿತ್ತು ಬಿಡ್ರಿ.”

ಹಣಮಂತಪ್ಪ ಮೂರನೆಯವನಿಗೆ ಹುಚ್ಚು ಹಿಡಿದಿದೆ ಎಂದ. ಎರಡನೆಯವನಿಗೆ ಹಿಡಿಯಲಿದೆ ಎಂದ. ಹಾಡು ಎರಡು ಸಲ ಎಂದು ಬರೆದವನೇ ಸಿನಿಮಾ ಕಣ್ಣಾರೆ ನೋಡಿದವನು, ತನ್ನ ಸೀಡಿಯಲ್ಲಿ ಹಾಡು ಒಂದೇ ಸಲ ಇರುವುದು ಸೀಡಿ ಮಾಡಿದವರು ಕತ್ತರಿ ಹಾಕಿದ್ದರಿಂದ ಎಂದು ವಾದಿಸಿದ. ರಂಜನಾ ಮೊದಲ ಪುಟವನ್ನು ಇನ್ನೂ ಒಳಗೆ ಇಳಿದು ನೋಡುತ್ತಿದ್ದಳು. ಯಾರು ಏನನ್ನು ಬರೆದರು, ಯಾರು ತಿದ್ದಿದರು ಎಂಬುದು ಅಲ್ಲಿ ತಳದಲ್ಲಿ ಇರುತ್ತದಂತೆ.

“ಮಾವಾರ, ಐವತ್ನಾಕು ಅಂತ ಬರದಾವ್ರ ಹೆಸರೂ ಐತಿ ಇಲ್ಲೆ.”

“ಯಾಂವ ಅಂವ, ಶಾಣ್ಯಾ?”

“ಹಣಮಂತಪ್ಪ, ಬೈಲಹೊಂಗಲ.”

ಬಾಯವ್ವ ಪಲ್ಯದಿಂದ ತಲೆ ಎತ್ತಿದಳು. ಆಗ ಹಣಮಂತಪ್ಪನಿಗೆ ನೆನಪಾಯಿತು. ಮಗ ಕಲ್ಮೇಶ ಮೊದಲ ಸಲ ನೆಟ್ಟಿನ ಫೋನು ಕೊಡಿಸಿದ ವರ್ಷ ಅವನು ಹೊಸ ಕತ್ತರಿ ಸಿಕ್ಕ ದರ್ಜಿಯ ಹಾಗೆ ಕಂಡಕಂಡ ಪುಟವನ್ನೆಲ್ಲ ತಿದ್ದುತ್ತ ಹೋಗಿದ್ದ. ತಾನು ಐವತ್ತನಾಲ್ಕರಲ್ಲಿ ಹುಟ್ಟಿದವನು, ಆದ್ದರಿಂದ ಹೇಮಾಂಗಿನಿ ಐವತ್ತನಾಲ್ಕರದು. ಈಗ ಅದೇ ಪುಟ ತೋರಿಸಿ, ಹೇಮಾಂಗಿನಿ ಐವತ್ತನಾಲ್ಕರದು, ಆದ್ದರಿಂದ ತಾನು ಐವತ್ತನಾಲ್ಕರಲ್ಲಿ ಹುಟ್ಟಿದವನು ಎನ್ನುತ್ತಿದ್ದ. ಇಬ್ಬರು ಕುಡುಕರು ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ ಇಷ್ಟು ದಿನ ನಿಂತಿದ್ದರು. ರಂಜನಾ ಒಬ್ಬನನ್ನು ಸರಿಸಿದ್ದಳು.

ಅವನು ಅಂದು ಇನ್ನೊಂದು ಹೆಸರೂ ಬರೆಯಲಿಲ್ಲ. ಮರುದಿನವೂ ಬರೆಯಲಿಲ್ಲ. ಚಹಾದ ಕಪ್ಪು ಮುಂದೆ ಬಂದಾಗ ತೆಗೆದುಕೊಳ್ಳಬೇಕೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿದ. ತಾನು ಹಿರಿಯನಲ್ಲದೆ ಹೋದರೆ ಈ ಮನೆಯಲ್ಲಿ ತಾನು ಯಾರು ಎಂಬುದೇ ಅವನಿಗೆ ಹೊಳೆಯಲಿಲ್ಲ.

ದಾರಿ ತೋರಿಸಿದವಳು ಬಾಯವ್ವನೇ. ಅವನು ಹುಟ್ಟಿದ್ದು ಸಿನಿಮಾ ತಯಾರಾದ ವರ್ಷವಲ್ಲ, ಯರಗಟ್ಟಿಗೆ ಬಂದ ವರ್ಷ. ಅದನ್ನು ನೆಟ್ಟಿಗೆ ಕೇಳುವುದಕ್ಕಿಂತ ತಂದವನನ್ನೇ ಕೇಳಬಾರದೇಕೆ ಎಂದಳು. ಟೆಂಟಿನಲ್ಲಿ ಮಷೀನ್ ಓಡಿಸುತ್ತಿದ್ದ ಲಗಮಣ್ಣ ಇನ್ನೂ ಇದ್ದಾನೆ, ರಾಮದುರ್ಗದಲ್ಲಿ ಮಗಳ ಮನೆಯಲ್ಲಿ. ತವರಿನ ಕಡೆಯಿಂದ ದೂರದ ಸಂಬಂಧ.

ಹೀಗೆ ಹಣಮಂತಪ್ಪ, ಒಂದು ವರ್ಷ ತಪ್ಪಿದ್ದಕ್ಕೆ, ಆಡಿದ ಮಾತಿನಂತೆ ಬೈಲಹೊಂಗಲ ಬಿಟ್ಟು ಹೊರಟ. ಬುತ್ತಿ ಕಟ್ಟಿಕೊಂಡು, ಬೆಳಗಿನ ಬಸ್ಸಿಗೆ. ಸಾಕ್ಷಿಗೆಂದು ರಂಜನಾ ಜೊತೆಗಿದ್ದಳು. ಯರಗಟ್ಟಿ ದಾಟುವಾಗ ಅವನು ಕಿಟಕಿಯಿಂದ ಇಣುಕಿ ತನ್ನ ಹಳೆಯ ಮನೆಯ ಜಾಗವನ್ನು ಹುಡುಕಿದ. ಅಲ್ಲಿ ಗೊಬ್ಬರದ ಅಂಗಡಿಯೊಂದು ನಿಂತಿತ್ತು.

ಲಗಮಣ್ಣ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದ. ವಯಸ್ಸು ಎಷ್ಟೆಂದು ಅವನಿಗೂ ಗೊತ್ತಿರಲಿಲ್ಲ, ಬಿಸಿಲಿಗೂ ಗೊತ್ತಿರಲಿಲ್ಲ. ಮಷೀನಿನ ಬೆಳಕು ನೋಡಿ ನೋಡಿ ಕಣ್ಣು ಹೋಗಿದ್ದವು, ಕಿವಿ ಇರುವೆಯ ಕೆಮ್ಮನ್ನೂ ಹಿಡಿಯುವಷ್ಟು ಚುರುಕಾಗಿದ್ದವು. ಹಣಮಂತಪ್ಪ ತನ್ನ ಹೆಸರು, ಊರು ಹೇಳಿದ. ಮುದುಕನ ಮುಖದಲ್ಲಿ ಏನೂ ಆಗಲಿಲ್ಲ. ಯರಗಟ್ಟಿಯ ರಾಚವ್ವನ ಮಗ ಎಂದಾಗ ಅವನ ಕೈಯಲ್ಲಿದ್ದ ತಂಬಾಕು ನೆಲಕ್ಕೆ ಬಿತ್ತು.

“ಟೆಂಟ ನಿಂದ್ರಿಸಿದ ಕೂಸ ಏನಪಾ ನೀ?”

ಹಣಮಂತಪ್ಪನಿಗೆ ಅರ್ಥವಾಗಲಿಲ್ಲ. ಲಗಮಣ್ಣ ಕೈ ಚಾಚಿ ಅವನ ಮುಖ ಸವರಿದ, ಹಣೆಯಿಂದ ಗದ್ದದವರೆಗೆ. ಆಮೇಲೆ ಹೇಳಿದ.

ಅವತ್ತು 'ಹೇಮಾಂಗಿನಿ'ಯ ಮೊದಲ ದಿನ. ನಡುವೆ ಒಂದು ಕೂದಲು ಕೂಡ ತೂರದಷ್ಟು ಜನ. ಮುಂದೆ ಮರಳಿನ ಮೇಲೆ ಕುಳಿತವರು, ಹಿಂದೆ ಬೆಂಚಿನವರು, ಬಟ್ಟೆಯ ಗೋಡೆಯನ್ನು ಎತ್ತಿ ತಲೆ ಮಾತ್ರ ಒಳಗಿಟ್ಟು ಪುಕ್ಕಟೆ ನೋಡುವವರು. ಹೇಮಾಂಗಿನಿ ಹೊಳೆಯ ದಂಡೆಗೆ ಬಂದಳು, ಹಾಡು ಶುರುವಾಯಿತು, ಅರ್ಧಕ್ಕೆ ಬಂತು. ಆಗ ಪರದೆಯ ಮೇಲೆ ಹೊಳೆ ಹೋಗಿ ಒಂದು ಹೆಂಗಸಿನ ನೆರಳು ನಿಂತಿತು. ಸೆರಗು ಸೊಂಟಕ್ಕೆ ಸಿಗಿಸಿದ, ತೋಳು ಮಡಚಿದ, ಕಂಬದಷ್ಟು ಎತ್ತರದ ನೆರಳು. ಸಿನಿಮಾದೊಳಗಿನ ದೇವಿಯೇ ಪ್ರತ್ಯಕ್ಷಳಾದಳೆಂದು ಮುಂದೆ ಕುಳಿತವರು ಕೈ ಮುಗಿದರಂತೆ. ಅವಳು ಸೂಲಗಿತ್ತಿ ಶೆಟ್ಟೆವ್ವ. ಹಿತ್ತಿಲ ಕಡೆಯಿಂದ ಟೆಂಟಿನ ಬಟ್ಟೆ ಎತ್ತಿ, ನೇರ ಮಷೀನಿನ ಬೆಳಕಿನೊಳಗೆ ನಡೆದು ಬಂದಿದ್ದಳು.

“ಮಷೀನ್ ಬಂದ್ ಮಾಡು ಅಂದ್ಲು. ಆ ಹುಡಿಗಿಗೆ ನನ್ನ ಮಾತ ಕೇಳವೊಲ್ಲದು, ನನಗ ಅಕಿ ಉಸರ ಕೇಳವೊಲ್ಲದು ಅಂದ್ಲು. ನಾ ಮಾಲಕರ ಮಾರಿ ನೋಡಲಿಲ್ಲಪಾ. ಬಂದ್ ಮಾಡಿಬಿಟ್ಟೆ.”

ಹಾಡು ನಡುವೆಯೇ ನಿಂತಿತು. ಕರ್ಣೆ ಸುಮ್ಮನಾಯಿತು. ಡೈನಮೊ ಕೂಡ ನಿಲ್ಲಿಸಿದಾಗ ಟೆಂಟಿನ ತುಂಬ ಕತ್ತಲೆ. ಲಗಮಣ್ಣ ಕಲ್ಲು ಬೀಳುವುದನ್ನೇ ಕಾಯುತ್ತ ಮಷೀನಿನ ಹಿಂದೆ ಬಗ್ಗಿ ಕುಳಿತನಂತೆ. ಯರಗಟ್ಟಿಯಲ್ಲಿ ರೀಲು ಒಮ್ಮೆ ಹರಿದರೆ ಸಾಕು, ಕಲ್ಲು, ಚಪ್ಪಲಿ, ಒಮ್ಮೆ ಒಂದು ಕೋಳಿ ಕೂಡ ಬಂದು ಬಿದ್ದಿತ್ತು. ಅಂದು ಏನೂ ಬೀಳಲಿಲ್ಲ. ಯಾರೋ ಬೀಡಿ ಆರಿಸಿದರು, ಅದನ್ನು ನೋಡಿ ಎಲ್ಲರೂ ಆರಿಸಿದರು. ಶೇಂಗಾ ಒಡೆಯುವ ಸಪ್ಪಳ ನಿಂತಿತು. ಅಳುವ ಮಕ್ಕಳ ಬಾಯಿಗೆ ತಾಯಂದಿರು ಸೆರಗು ಕೊಟ್ಟರು. ಯಾರೂ ಎದ್ದು ಹೋಗಲಿಲ್ಲ, ಯಾರೂ ರೊಕ್ಕ ಕೇಳಲಿಲ್ಲ. ಅಷ್ಟೂ ಜನ ಕತ್ತಲೆಯಲ್ಲಿ ಬರಿಯ ಪರದೆಯ ಕಡೆ ಮುಖ ಮಾಡಿ, ಗೋಡೆಯ ಆ ಕಡೆ ಒಬ್ಬಳು ಪಡುತ್ತಿದ್ದ ಕಷ್ಟವನ್ನು ಕೇಳುತ್ತ ಕುಳಿತರು. ಎಷ್ಟು ಹೊತ್ತೆಂದು ಲಗಮಣ್ಣನಿಗೆ ಗೊತ್ತಿಲ್ಲ. ಅಷ್ಟು ಹೊತ್ತು ಯಾವ ಸಿನಿಮಾವೂ ಅವರನ್ನು ಹಾಗೆ ಹಿಡಿದು ಕೂರಿಸಿರಲಿಲ್ಲ ಎಂಬುದಷ್ಟೇ ಗೊತ್ತು.

ಆಮೇಲೆ ಕೂಸು ಅತ್ತಿತು.

ಲಗಮಣ್ಣ ಅಲ್ಲಿ ಮಾತು ನಿಲ್ಲಿಸಿ ತನ್ನ ಕುರುಡು ಕಣ್ಣು ಒರೆಸಿಕೊಂಡ. ನಾಯಕ ಪರದೆಗೆ ಬಂದಾಗ ಮೊಳಗುವ ಸಿಳ್ಳೆ ಅವನು ಎಷ್ಟೋ ಕೇಳಿದ್ದ. ಅಂದಿನ ಸಿಳ್ಳೆಗೆ ಟೆಂಟಿನ ಬಟ್ಟೆ ಗಾಳಿ ತುಂಬಿದ ಹಾಗೆ ಉಬ್ಬಿತಂತೆ, ಸವದತ್ತಿ ಗುಡ್ಡದ ಮೇಲೆ ಮಲಗಿದ್ದವರು ಎದ್ದು ಕುಳಿತರಂತೆ. ಬರಿಯ ಪರದೆಗೆ ಜನ ಚಿಲ್ಲರೆ ಎಸೆದರು, ಟೊಪಿಗೆ ಎಸೆದರು. ಶೆಟ್ಟೆವ್ವ ಮತ್ತೆ ಬಟ್ಟೆ ಎತ್ತಿ ತಲೆ ಹಾಕಿ, ಗಂಡು ಎಂದಳು, ಇನ್ನು ಹಚ್ಚು ನಿನ್ನ ಮಷೀನ್ ಎಂದಳು. ಹಾಡು ಅರ್ಧಕ್ಕೆ ನಿಂತಿತ್ತಲ್ಲ, ಅರ್ಧದಿಂದ ಹಚ್ಚುವುದು ಕೂಸಿಗೆ ಅಪಶಕುನವೆಂದು ಹಿರಿಯರು ಹೇಳಿದ್ದರಿಂದ ಲಗಮಣ್ಣ ರೀಲು ಹಿಂದಕ್ಕೆ ಸುತ್ತಿ ಹೊಳೆಯ ಹಾಡನ್ನು ಮತ್ತೆ ಮೊದಲಿನಿಂದ ಓಡಿಸಿದ.

ಸೀಡಿ ಮಾಡಿದವರನ್ನು ಹಣಮಂತಪ್ಪ ವರ್ಷಗಟ್ಟಲೆ ಬಯ್ದಿದ್ದ. ಹಾಡು ಎಂದೂ ಎರಡು ಸಲ ಇರಲಿಲ್ಲ. ಒಂದೇ ಊರಿನಲ್ಲಿ, ಒಂದೇ ಆಟದಲ್ಲಿ, ಒಬ್ಬಳ ಕಿವಿಗೆ ಮಾತ್ರ ಎರಡು ಸಲ ಬಂದಿತ್ತು.

ಬಂದ ಕೆಲಸ ಇನ್ನೂ ಉಳಿದಿತ್ತು. ಕೇಳಲು ಅವನಿಗೆ ಧೈರ್ಯ ಸಾಲದಿದ್ದಾಗ ರಂಜನಾ ಕೇಳಿದಳು, ಅದು ಯಾವ ವರ್ಷ ಅಜ್ಜಾರ ಎಂದು. ವರ್ಷಗಿರ್ಷ ನನಗೆ ಗೊತ್ತಿಲ್ಲವೆಂದು ಲಗಮಣ್ಣ ಕೈ ಆಡಿಸಿದ. ಹಣಮಂತಪ್ಪನ ಎದೆ ತುಸು ಹಗುರಾಯಿತು. ಆದರೆ ಮುದುಕ ನಕ್ಕು, ಆ ಕತ್ತಲೆಯಲ್ಲಿ ಒಬ್ಬನೇ ಒಬ್ಬ ಮಾತ್ರ ಬಾಯಿ ತೆಗೆದಿದ್ದ ಎಂದ. ಟಿಕೀಟಿನ ಕರ ನೋಡಲು ಬಂದಿದ್ದ ಸಾಹೇಬ. ಯಾಕೆ ಸ್ವಾಮಿ ನಿಲ್ಲಿಸಿದ್ರಿ ಎಂದು ಮೈಸೂರು ಕಡೆಯ ಕನ್ನಡದಲ್ಲಿ ಕೇಳಿದ್ದಕ್ಕೆ ಜನ ಅವನನ್ನು ಹೆಗಲು ಹಿಡಿದು ಕೂರಿಸಿದ್ದರು. ಕೂಸು ಅತ್ತಾಗ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವನೂ ಅವನೇ.

“ಹಿಂದಿನ ವರ್ಷದ ಮಟಾ ಮುಂಬೈ ಸರ್ಕಾರದ ಸಾಹೇಬ್ರು ಬರತಿದ್ರು, ಮರಾಠಿ ಮಾತಾಡಾವ್ರು. ರಾಜ್ಯ ಒಂದಾದ ಮ್ಯಾಲ ಬಂದ ಮೊದಲನೇ ಸಾಹೇಬ ಅಂವ. ಸುಗ್ಗಿ ಮುಗಿದಿತ್ತು.”

ರಂಜನಾ ಬೇರೆ ಕಡೆ ನೋಡಿದಳು. ರಾಜ್ಯ ಒಂದಾದದ್ದು ಐವತ್ತಾರರ ನವೆಂಬರಿನಲ್ಲಿ. ಅದರ ಮುಂದಿನ ಸುಗ್ಗಿ ಎಂದರೆ ಐವತ್ತೇಳು. ಬಾಯವ್ವ ಅಷ್ಟೊತ್ತಿಗೆ ಸವದತ್ತಿಯಲ್ಲಿ ಮಗ್ಗಲು ಹೊರಳಿ, ಎದ್ದು ಕೂರುವುದನ್ನು ಕಲಿಯುತ್ತಿದ್ದಳು.

ತಿರುಗಿ ಬರುವಾಗ ಹಣಮಂತಪ್ಪ ಕಿಟಕಿಯ ಜಾಗವನ್ನು ತಾನಾಗಿ ಸೊಸೆಗೆ ಬಿಟ್ಟುಕೊಟ್ಟ. ದಾರಿಯುದ್ದಕ್ಕೂ ಒಂದೇ ಮಾತು ಆಡಿದ. ಐವತ್ತೆಂಟು ಎಂದು ಬರೆದವನ ಪುಟವನ್ನು ತಿದ್ದಬೇಡ ಎಂದ. ಅವನು ಹುಚ್ಚನಲ್ಲ, ಅವನ ಊರಿಗೆ ಸಿನಿಮಾ ಯರಗಟ್ಟಿಗಿಂತಲೂ ತಡವಾಗಿ ಮುಟ್ಟಿರಬೇಕು. ಅಲ್ಲಿ ಟೆಂಟು ಹಾಕಿದಾಗ ಯಾವ ಗೋಡೆಯ ಹಿಂದೆ ಯಾರು ಹುಟ್ಟುತ್ತಿದ್ದರೋ, ಯಾರು ಸಾಯುತ್ತಿದ್ದರೋ, ಯಾರಿಗೆ ಗೊತ್ತು. ಒಂದು ಸಿನಿಮಾ ಬೆಂಗಳೂರಿನಲ್ಲಿ ಒಮ್ಮೆ ಹುಟ್ಟಿ, ಅಲ್ಲಿಂದ ಊರೂರಿಗೆ ಹೋಗಿ ಮತ್ತೆ ಮತ್ತೆ ಹುಟ್ಟಿದೆ. ನೆಟ್ಟಿನ ತಪ್ಪುಗಳೆಂದು ತಾನು ಬಯ್ದದ್ದರಲ್ಲಿ ಎಷ್ಟು ಜನರ ಎಷ್ಟು ವರ್ಷಗಳು ಹೀಗೆ ಅಡಗಿ ಕುಳಿತಿವೆಯೋ. ಅವನಿಗೆ ಫೋನನ್ನು ಜೇಬಿನಿಂದ ಹೊರಗೆ ತೆಗೆಯಲು ಭಯವಾಯಿತು, ದೇವರ ಮುಂದೆ ಆಗುವ ಥರದ ಭಯ.

ಸಂಜೆ ಮನೆಯಲ್ಲಿ ಅವನು ಯಾರಿಗೂ ಏನೂ ಹೇಳದೆ ‘ಸತಿ ಹೇಮಾಂಗಿನಿ’ಯ ಸೀಡಿ ಹಾಕಿದ. ಬಾಯವ್ವ ಬಂದು ಚಾಪೆಯ ಮೇಲೆ ಕುಳಿತಳು, ರಂಜನಾ ಬಾಗಿಲಿಗೆ ಒರಗಿದಳು. ಹೇಮಾಂಗಿನಿ ಹೊಳೆಯ ದಂಡೆಗೆ ಬಂದಳು. ಗೀರುಬಿದ್ದ ಹೊಳೆ, ಸವೆದ ದನಿ. ಹಾಡು ಅರ್ಧಕ್ಕೆ ಬಂದಾಗ ಹಣಮಂತಪ್ಪ ರಿಮೋಟು ಒತ್ತಿ ಅದನ್ನು ನಿಲ್ಲಿಸಿದ.

ಮನೆ ಸುಮ್ಮನಾಯಿತು. ಬೀದಿಯಲ್ಲಿ ಒಂದು ಟಂಟಂ ಗಾಡಿ ಹೋಗಿ ಅದೂ ಸುಮ್ಮನಾಯಿತು. ಅವನು ಆ ಮೌನವನ್ನು ಕೇಳುತ್ತ ಕುಳಿತ. ಹೆಸರು ಗೊತ್ತಿಲ್ಲದ ಅಷ್ಟು ಜನ, ಬೀಡಿ ಆರಿಸಿ, ಉಸಿರು ಬಿಗಿಹಿಡಿದು ಇದರೊಳಗೆ ಕುಳಿತಿದ್ದರು. ಅವರಲ್ಲಿ ಹೆಚ್ಚಿನವರು ಈಗ ಇಲ್ಲ. ಇಷ್ಟು ವರ್ಷ ಅವನು ಪರದೆಯ ಮೇಲಿನವರಿಗಾಗಿ ಕಾದು ಕುಳಿತಿದ್ದ. ಅವನಿಗಾಗಿ ಒಂದು ಊರೇ ಕಾದು ಕುಳಿತಿತ್ತೆಂದು ಯಾವ ಪುಟದಲ್ಲೂ ಇರಲಿಲ್ಲ.

ಆಮೇಲೆ ಅವನು ಹೆಂಡತಿಯ ಕಡೆ ತಿರುಗಿ, ಸಾಲ ಕೊಟ್ಟವನ ಮುಂದೆ ಸತ್ಯ ಒಪ್ಪಿಕೊಳ್ಳುವವನ ಹಾಗೆ ಎಲ್ಲವನ್ನೂ ಹೇಳಿದ. ಟೆಂಟು, ಶೆಟ್ಟೆವ್ವ, ಸಾಹೇಬ, ಸುಗ್ಗಿ. ಐವತ್ತೇಳು ಎಂಬಲ್ಲಿ ದನಿ ಸಣ್ಣದಾಯಿತು.

“ಗೊತ್ತೈತಿ” ಎಂದಳು ಬಾಯವ್ವ.

ಯಾವಾಗಿನಿಂದ ಎಂದು ಅವನು ಕೇಳಿದ.

“ನಾ ಈ ಮನಿಗೆ ನಡಿಯಾಕ ಬಂದ ಮರುದಿನನ ಅತ್ತಿಯಾರು ಕಿವ್ಯಾಗ ಹೇಳಿದ್ರು. ಇಂವನ ಕೈ ಉದ್ದ, ವಯಸ್ಸ ಗಿಡ್ಡ. ನೀ ದೊಡ್ಡಾಕಿ ಅದಿ, ಸಂಭಾಳಿಸಿಕೊಂಡ ಹೋಗವ್ವಾ ಅಂತ.”

ಹಣಮಂತಪ್ಪನಿಗೆ ಐವತ್ತು ವರ್ಷದ ಚಹಾ ಒಮ್ಮೆಲೇ ಗಂಟಲಿಗೆ ಬಂತು. ಕಿಟಕಿಯ ಜಾಗ, ರಿಮೋಟು, ಮೊದಲ ರೊಟ್ಟಿ. ಅವನು ಹಕ್ಕೆಂದು ತೆಗೆದುಕೊಂಡದ್ದನ್ನೆಲ್ಲ ಅವಳು ಮಗುವಿನ ಕೈಗೆ ಆಟಿಕೆ ಕೊಟ್ಟ ಹಾಗೆ ಕೊಟ್ಟಿದ್ದಳು, ಬಾಯಿಗೆ ಸೆರಗು ಹಿಡಿದು. ಮಲಪ್ರಭೆಗೆ ಅಣೆಕಟ್ಟು ಕಟ್ಟಿದವರಿಗೂ ಇಷ್ಟು ವರ್ಷ ಇಷ್ಟು ನೀರನ್ನು ತಡೆದು ಹಿಡಿಯಲಾಗಿರಲಿಲ್ಲ. ಅವನು ಅವಳನ್ನು ಮೊದಲ ಸಲ ಪೋಸ್ಟರು ನೋಡುವ ಹಾಗೆ ನೋಡಿದ.

“ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?”

“ಹಿರ್ಯಾರಾದಾವ್ರು ಸಣ್ಣಾವ್ರನ್ನ ಅಳಸಬಾರದು.”

ಬಾಗಿಲಲ್ಲಿ ರಂಜನಾಳ ನಗು ಕಟ್ಟೆಯೊಡೆಯಿತು. ಬಾಯವ್ವ ಕೈ ಚಾಚಿ ಗಂಡನ ಕೈಯಿಂದ ರಿಮೋಟನ್ನು ಮೆಲ್ಲಗೆ ತೆಗೆದುಕೊಂಡಳು. ಅವನು ಬಿಟ್ಟುಕೊಟ್ಟ. ಅವಳು ಕಾಲು ಚಾಚಿ ಗೋಡೆಗೆ, ಅಂದರೆ ಗೋಡೆಯಿರಬೇಕಾದ ಕಡೆ ಇದ್ದ ಸೀಡಿಗಳಿಗೆ ಒರಗಿದಳು.

“ಅರ್ಧಾ ವರ್ಷ ಈ ಭೂಮಿ ಮ್ಯಾಲ ನಿಮ್ಮ ಕಾಟ ಇಲ್ಲದ ಇದ್ದೇನಿ ನಾ. ಎಷ್ಟ ಶಾಂತ ಇತ್ತಂತೀರಿ.”

“ಶಾಂತ ಅಲ್ಲದು, ಬ್ಯಾಸರ” ಎಂದ ಹಣಮಂತಪ್ಪ. “ಇಲ್ಲಾಂದ್ರ ಇಡೀ ಯರಗಟ್ಟಿ ಹೋಗಿ ಟೆಂಟಿನ್ಯಾಗ ಯಾಕ ಕುಂದರತಿತ್ತು?”